ಲಾಕ್‌ಡೌನಿನಲ್ಲಿ ತರಿಸಿದ ಬೀಜ, ಸಸಿ: ಯಾರ ಹತ್ತಿರ ಮತ್ತೆ ಕೊಳ್ಳುತ್ತೇನೆ, ಯಾರ ಹತ್ತಿರ ಇಲ್ಲ

ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. 2021ರ ಲಾಕ್‌ಡೌನಿನಲ್ಲಿ ನಮ್ಮ ತಾರಸಿಗೆ ಮೂರು ಕಡೆಯಿಂದ ಬೀಜ, ಸಸಿ ಬಂದವು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ, ‘ಅರ್ಕಾ’ ಎಂದು ಹೆಸರು ಶುರುವಾಗುವ ತಳಿಗಳ ಬೀಜಗಳು ಒಂದು. ದೊಡ್ಡಬಳ್ಳಾಪುರ ರಸ್ತೆಯ ಸಣ್ಣ ನರ್ಸರಿಯ ಸಸಿಗಳು ಇನ್ನೊಂದು. ಆನ್‌ಲೈನ್ ಮಾರಾಟಗಾರರೊಬ್ಬರ ‘45 ಬಗೆಯ ತರಕಾರಿ ಬೀಜ’ದ ಪೆಟ್ಟಿಗೆ ಮೂರನೆಯದು. ಹೆಸರಘಟ್ಟದ ಬೀಜವನ್ನು ಧೈರ್ಯವಾಗಿ ಕೊಳ್ಳಿ. ನರ್ಸರಿಯ ಸಸಿಯನ್ನು ಮಾತನಾಡಿ, ಫೋಟೋ ತರಿಸಿಕೊಂಡು ಕೊಳ್ಳಿ. ಆ ಪೆಟ್ಟಿಗೆಯಂಥದ್ದನ್ನು ಮಾತ್ರ ಯಾರೂ ಕೊಳ್ಳಬೇಡಿ.

ನಾನು ಯಲಹಂಕದಲ್ಲಿ ರವಿಕೆ ಹೊಲಿಯುವವಳು. ಏಪ್ರಿಲ್ 27ರ ರಾತ್ರಿಯಿಂದ ಕರ್ಫ್ಯೂ ಎಂದಾಗ ಹಾಲು, ದಿನಸಿ, ತರಕಾರಿಯವರಿಗೆ ಬೆಳಿಗ್ಗೆ 6ರಿಂದ 10ರವರೆಗೆ ಅವಕಾಶವಿತ್ತು. ನನ್ನಂಥವರ ಅಂಗಡಿಯ ಬಾಗಿಲು ಪೂರ್ತಿ ಮುಚ್ಚಿತು, ಮದುವೆ ಕಾಲದ ದುಡಿಮೆ ಹೋಯಿತು. ಮನೆಯಲ್ಲಿ ಉಬ್ಬಸವಿರುವ ಅತ್ತೆ ಇದ್ದಾರೆ. ತರಕಾರಿ ಗಾಡಿಯ ಸುತ್ತ ಜನ ಮುಗಿಬೀಳುವುದನ್ನು ನೋಡಿದರೆ ಕೆಳಗಿಳಿಯುವುದಕ್ಕೇ ಹೆದರಿಕೆಯಾಗುತ್ತಿತ್ತು. ಸೊಪ್ಪು, ಬೆಂಡೆ, ಮೆಣಸಿನಕಾಯಿಯಷ್ಟಾದರೂ ತಾರಸಿಯ ಮೇಲೆಯೇ ಆಗಲಿ ಎಂದುಕೊಂಡೆವು.

ಬೇರೆ ವರ್ಷಗಳಲ್ಲಿ ನನಗೆ ಬೀಜ ಕೊಳ್ಳುವ ಪ್ರಶ್ನೆ ಬರುತ್ತಿದ್ದದ್ದು ಕಡಿಮೆ. ಕುಣಿಗಲ್ ಕಡೆಯ ತವರಿನಿಂದ ಅಮ್ಮ ಕೊಡುತ್ತಿದ್ದರು. ಅವರೆ, ಹೀರೆ, ಸೋರೆ ಬೀಜಗಳಿಗೆ ಬೂದಿ ಬೆರೆಸಿ, ಬೇವಿನ ಎಲೆ ಹಾಕಿ, ಡಬ್ಬಿಯಲ್ಲಿ ತುಂಬಿ ಅಟ್ಟದ ಮೇಲೆ ಇಡುವವರು ಅವರು. ಆದರೆ ಆಗ ಜಿಲ್ಲೆಯಿಂದ ಜಿಲ್ಲೆಗೆ ಓಡಾಟವೇ ನಿಂತಿತ್ತು. ಉಳಿದದ್ದಕ್ಕೆ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಮಳಿಗೆಗಳಿದ್ದವು. ಪ್ರದರ್ಶನವೇ 2020ರ ಆಗಸ್ಟ್‌ನಲ್ಲೂ ನಡೆಯಲಿಲ್ಲ, 2021ರ ಜನವರಿಯಲ್ಲೂ ನಡೆಯಲಿಲ್ಲ.

ಹೆಸರಘಟ್ಟ ನಮಗೆ ದೂರವಲ್ಲ. ಆದರೆ ಬಿಎಂಟಿಸಿ ಬಸ್ಸುಗಳಿರಲಿಲ್ಲ. ಸಂಸ್ಥೆಯ ಬೀಜವನ್ನು ಆನ್‌ಲೈನಿನಲ್ಲಿ ಹಣ ಕಟ್ಟಿ ತರಿಸಿಕೊಳ್ಳಬಹುದು ಎಂದು ಕಂಡುಹಿಡಿದವಳು ನನ್ನ ಮಗಳು. ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಸುಗುಣ ದಂಟು, ಅರ್ಕಾ ವಿಕಾಸ್ ಟೊಮೆಟೊ, ಅರ್ಕಾ ಜಯ್ ಅವರೆ ತರಿಸಿದೆವು. ಅಂಚೆಯವರು ಲಕೋಟೆಯನ್ನು ಗೇಟಿಗೆ ಸಿಕ್ಕಿಸಿ, ದೂರ ನಿಂತು ಕೂಗಿ ಹೇಳಿ ಹೋದರು. ಆ ದಿನಗಳಲ್ಲಿ ಅಂಚೆ ಇಲಾಖೆಯವರು ಮಾಡಿದ ಕೆಲಸಕ್ಕೆ ನಾನು ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಅದೇ ಚೀಲದಲ್ಲಿ ಅವರು ಔಷಧಿಗಳನ್ನೂ ಹೊತ್ತು ತಿರುಗುತ್ತಿದ್ದರು.

ಪೊಟ್ಟಣ ಕೈಗೆ ಬಂದ ಕೂಡಲೇ ನಾನು ನೋಡುವುದು ಚೀಟಿಯನ್ನು. ಥಾನಿನ ಅಂಚಿನಲ್ಲಿ ಗಿರಣಿಯ ಹೆಸರು ನೋಡದೆ ಲೈನಿಂಗ್ ಬಟ್ಟೆ ಕೊಳ್ಳದವಳು ನಾನು. ಬೀಜಕ್ಕೂ ಅದೇ ಕ್ರಮ. ಬೆಳೆ ಯಾವುದು, ತಳಿಯ ಹೆಸರೇನು, ಲಾಟ್ ಸಂಖ್ಯೆ (ಒಟ್ಟಿಗೆ ತಯಾರಾದ ಬೀಜದ ಗುರುತು) ಎಷ್ಟು, ಮೊಳಕೆ ಪರೀಕ್ಷೆ ಮಾಡಿದ ದಿನ ಯಾವುದು, ಶೇಕಡಾ ಎಷ್ಟು ಮೊಳೆಯಬೇಕು, ಯಾವಾಗಿನವರೆಗೆ ಬಿತ್ತಬಹುದು: ಇವಿಷ್ಟೂ ಇರಲೇಬೇಕು. ಇದು ಮಾರುವವರ ಔದಾರ್ಯವಲ್ಲ, 1966ರ ಬೀಜ ಕಾಯ್ದೆ ಬಂದಾಗಿನಿಂದ ಇರುವ ನಿಯಮ. ಕನಿಷ್ಠ ಮೊಳಕೆ ಬೆಂಡೆಗೆ ಶೇ. 65, ಟೊಮೆಟೊ ಮತ್ತು ಬದನೆಗೆ ಶೇ. 70, ಮೆಣಸಿನಕಾಯಿಗೆ ಶೇ. 60 ಇರಬೇಕು. ಪ್ರಮಾಣೀಕೃತ ಬೀಜದ, ಅಂದರೆ ಬೀಜ ಪ್ರಮಾಣನ ಸಂಸ್ಥೆ ಪರೀಕ್ಷಿಸಿ ಒಪ್ಪಿದ ಬೀಜದ, ಚೀಟಿ ನೀಲಿ ಬಣ್ಣದ್ದು, ಉತ್ಪಾದಕರೇ ಹೊಣೆ ಹೊತ್ತು ಬರೆದುಕೊಡುವ ನಿಜಚೀಟಿ ತಿಳಿಹಸಿರು. ಔಷಧ ಸವರಿದ ಬೀಜವಾದರೆ ಅದನ್ನೂ ಬರೆದಿರಬೇಕು. ಮಕ್ಕಳಿರುವ ಮನೆಗಳಲ್ಲಿ ಇದನ್ನು ಓದದೆ ಪೊಟ್ಟಣ ಒಡೆಯಬೇಡಿ. ಅಂಗಡಿಯಲ್ಲಿ ನಿಂತು ಮುಖ ನೋಡಿ ಕೊಳ್ಳುವಾಗ ಇಷ್ಟೆಲ್ಲ ಬೇಕಿಲ್ಲ ಅನ್ನಿಸಬಹುದು. ಅಂಗಡಿಯೇ ಕಾಣದ ಹೊತ್ತಿನಲ್ಲಿ ಚೀಟಿಯೊಂದೇ ನಮಗೆ ಸಿಗುವ ಆಧಾರ. ಹೆಸರಘಟ್ಟದ ಪೊಟ್ಟಣಗಳಲ್ಲಿ ಇವು ಸ್ಪಷ್ಟವಾಗಿದ್ದವು.

ದಂಟಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅರ್ಕಾ ಸುಗುಣ ಕೊಯ್ದಷ್ಟೂ ಚಿಗುರುವ ತಳಿ. ಬುಡದಿಂದ ಕೀಳದೆ ಮೇಲಿನಿಂದ ಕತ್ತರಿಸುತ್ತ ಹೋದರೆ ಅದೇ ಪಾತಿಯಿಂದ ಮತ್ತೆ ಮತ್ತೆ ಸೊಪ್ಪು ಸಿಗುತ್ತದೆ. ನಮ್ಮ ಮಹಡಿಯಲ್ಲಿ ಮೊದಲು ಸಾರಿಗೆ ಬಂದದ್ದು ಇದೇ. ಕೆಳಗಿನ ಮನೆಯವರು ಸೋಂಕು ತಗುಲಿ ಬಾಗಿಲು ಹಾಕಿಕೊಂಡಿದ್ದಾಗ ಅವರ ಹೊಸ್ತಿಲಿಗೂ ಒಂದು ಕಟ್ಟು ಇಟ್ಟು ಬರುವಷ್ಟು ಬೆಳೆಯಿತು.

ಬೆಂಡೆ ಬೀಜವನ್ನು ರಾತ್ರಿ ನೆನೆಹಾಕಿ ಬಿತ್ತಿದೆವು, ಒಂದೇ ಸಮನೆ ಎದ್ದವು. ಅನಾಮಿಕ ಹಳದಿ ನಂಜು ರೋಗ ತಡೆಯಲೆಂದೇ ಕಾಡುಬೆಂಡೆಯೊಂದರ ಜೊತೆ ಕೂಡಿಸಿ ಮಾಡಿದ ಹಳೆಯ ತಳಿ. ಈಚೆಗೆ ಆ ಶಕ್ತಿ ಮೊದಲಿನಷ್ಟು ಉಳಿದಿಲ್ಲ. ನಮ್ಮಲ್ಲೂ ಮಳೆ ಹಿಡಿದ ಮೇಲೆ ಕೆಲವು ಗಿಡಗಳ ಎಲೆಯಲ್ಲಿ ಹಳದಿ ನರ ಕಾಣಿಸಿತು. ರೋಗ ಹರಡುವುದು ಬಿಳಿನೊಣ. ಅಂಥ ಗಿಡವನ್ನು ಕಂಡ ದಿನವೇ ಕಿತ್ತುಹಾಕಬೇಕು, ಕನಿಕರ ತೋರಿಸಬಾರದು. ಉಳಿದವು ಎಳೆಯ, ಮುಳ್ಳಿಲ್ಲದ, ಪಲ್ಯಕ್ಕೆ ಹೇಳಿ ಮಾಡಿಸಿದಂಥ ಕಾಯಿ ಕೊಟ್ಟವು.

ಟೊಮೆಟೊದಲ್ಲಿ ಎಲ್ಲರೂ ಅರ್ಕಾ ರಕ್ಷಕ್ ಹೆಸರು ಹೇಳುತ್ತಾರೆ. ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಎಂಬ ಮೂರು ರೋಗಗಳನ್ನೂ ತಡೆದುಕೊಳ್ಳುವ ಹೈಬ್ರಿಡ್ ಅದು. ಹೊಲದವರಿಗೆ ಅದೇ ಸರಿ. ನಾನು ಬೇಕೆಂದೇ ವಿಕಾಸ್ ಆರಿಸಿದೆ. ಹೈಬ್ರಿಡ್ ಹಣ್ಣಿನ ಬೀಜ ತೆಗೆದಿಟ್ಟರೆ ಮರುವರ್ಷ ಅದೇ ಗುಣ ಬರುವುದಿಲ್ಲ, ವಿಕಾಸ್‌ನದು ಬರುತ್ತದೆ. ಮತ್ತೆ ಇಂಥ ಕಾಲ ಬಂದು ಎಲ್ಲ ಮುಚ್ಚಿದರೆ ಕೈಯಲ್ಲಿ ಬೀಜ ಇರಬೇಕು. ಬುಡದ ಕಡೆಯ ದೊಡ್ಡ ಹಣ್ಣನ್ನು ಗಿಡದಲ್ಲೇ ಪೂರ್ತಿ ಮಾಗಲು ಬಿಟ್ಟು, ಲೋಳೆ ಸಮೇತ ಲೋಟದಲ್ಲಿ ಎರಡು ದಿನ ಹುಳಿ ಬರಿಸಿ, ತೊಳೆದು ನೆರಳಿನಲ್ಲಿ ಒಣಗಿಸಿ ಇಟ್ಟಿದ್ದೇನೆ.

ಅವರೆಯ ವಿಷಯದಲ್ಲಿ ನನಗೆ ಎರಡು ಮನಸ್ಸಿದೆ. ನಮ್ಮ ನಾಟಿ ಅವರೆ ಹಗಲು ಗಿಡ್ಡವಾಗುವವರೆಗೆ ಹೂ ಬಿಡುವುದೇ ಇಲ್ಲ. ಆದ್ದರಿಂದಲೇ ಅವರೆಕಾಯಿ ಎಂದರೆ ಡಿಸೆಂಬರ್, ಜನವರಿ. ಅರ್ಕಾ ಜಯ್‌ಗೆ ಆ ಹಂಗಿಲ್ಲ, ಹಗಲಿನ ಉದ್ದ ಎಷ್ಟಿದ್ದರೂ ಹೂ ಬಿಡುತ್ತದೆ. ಗಿಡವೂ ಪೊದೆಯಂತೆ ಕುಳ್ಳು, ಚಪ್ಪರ ಬೇಡ, ಕುಂಡದಲ್ಲೇ ಆಗುತ್ತದೆ. ಮೃಗಶಿರ ಮಳೆಗೆ ಬಿತ್ತಿದ್ದು ಗೌರಿ ಹಬ್ಬದ ಹೊತ್ತಿಗೆ ಕಾಯಿ ಕೊಟ್ಟಿತು ಎಂದರೆ ಅಮ್ಮ ಫೋನಿನಲ್ಲಿ ನಂಬಲಿಲ್ಲ. ಸಿಪ್ಪೆ ಸಮೇತ ಹೆಚ್ಚಿ ಪಲ್ಯ ಮಾಡಲು ತುಂಬ ಚೆನ್ನ. ಆದರೆ ಬೆರಳಿಗೆ ಅಂಟುವ ಆ ಸೊಗಡು? ಅದು ಇಲ್ಲ. ಹಿಸುಕಿದ ಬೇಳೆ ಸಾರು ಬೇಕೆನ್ನುವವರು ನಾಟಿ ಅವರೆಗೇ ಕಾಯಬೇಕು. ತರಕಾರಿ ಸಿಗದ ಕಾಲದಲ್ಲಿ ಕೈಹಿಡಿದ ಗಿಡವೆಂದು ಜಯ್‌ಗೆ ನನ್ನ ಪೂರ್ಣ ಅಂಕವಿದೆ, ಅವರೆಯ ರುಚಿಗೆಂದು ಕೊಳ್ಳುವವರಿಗೆ ನಾನು ಹೇಳುವುದಿಲ್ಲ.

ಇನ್ನು ನರ್ಸರಿ. ಹೆಸರು ಬರೆಯುವುದಿಲ್ಲ, ಅದರ ಯಜಮಾನರು ಬೇಡ ಎಂದಿದ್ದಾರೆ, ಅವರಿರುವ ತುಂಡು ಜಾಗಕ್ಕೆ ಜನ ನುಗ್ಗಿದರೆ ನಿಭಾಯಿಸಲಾರರು. ನರ್ಸರಿ ತೆರೆದಿಡಬಹುದೇ ಇಲ್ಲವೇ ಎಂಬುದು ಅವರಿಗೇ ದಿನಕ್ಕೊಂದು ಬಗೆಯಾಗಿ ಕೇಳಿಬರುತ್ತಿತ್ತು. ಹಿಂದಿನ ವರ್ಷ, 2020ರ ಲಾಕ್‌ಡೌನಿನಲ್ಲಿ, ಕೇಂದ್ರದ ಗೃಹ ಇಲಾಖೆ ಏಪ್ರಿಲ್ 15ರ ಮಾರ್ಗಸೂಚಿಯಲ್ಲಿ ಬೀಜ, ಗೊಬ್ಬರದ ಚಿಲ್ಲರೆ ಮಾರಾಟಕ್ಕೆ ಅವಕಾಶ ಕೊಟ್ಟಿತು, 21ರಂದು ಸಸಿಗಳ ಸಾಗಣೆಯನ್ನೂ ಸೇರಿಸಿತು. ಕಾಗದದ ಮೇಲೆ ಹಾಗಿದ್ದರೂ ರಸ್ತೆಯಲ್ಲಿ ಗುಲಾಬಿ ಕುಂಡ ಹೊತ್ತ ಗಾಡಿಯನ್ನು ಅಗತ್ಯ ವಸ್ತು ಎಂದು ಯಾರು ಒಪ್ಪುತ್ತಾರೆ? ಸಸಿಯಾದರೋ ಕಾಯುವುದಿಲ್ಲ. ಟ್ರೇಯಲ್ಲಿ ಎಬ್ಬಿಸಿದ ಟೊಮೆಟೊ, ಬದನೆ ಸಸಿ ತಿಂಗಳೊಳಗೆ ನೆಲ ಸೇರಬೇಕು; ತಡವಾದರೆ ಕಡ್ಡಿಯಂತೆ ಉದ್ದಕ್ಕೆ ಎದ್ದು ಕೆಲಸಕ್ಕೆ ಬಾರದೆ ಹೋಗುತ್ತದೆ. ಹೂ ಬೆಳೆಗಾರರು ಆ ವರ್ಷ ಹೊಲದಲ್ಲೇ ಹೂ ಉತ್ತುಹಾಕಿದ್ದು ಎಲ್ಲರಿಗೂ ಗೊತ್ತು, ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಣೆಯಾದದ್ದೂ ಗೊತ್ತು. ಬಾಡಿ ಹೋದ ಸಸಿಗಳ ಮಾತು ಅಷ್ಟಾಗಿ ಯಾರ ಬಾಯಲ್ಲೂ ಬರಲಿಲ್ಲ. ಮುಂದೆ ಇಂಥ ಆದೇಶ ಬರೆಯುವವರು ‘ನರ್ಸರಿ’ ಎಂಬ ಪದವನ್ನು ಸ್ಪಷ್ಟವಾಗಿ ಸೇರಿಸಬೇಕು ಎಂದು ಬಲವಾಗಿ ಹೇಳುತ್ತೇನೆ.

ನರ್ಸರಿಯ ಯಜಮಾನರು ಒಂದು ದಾರಿ ಮಾಡಿಕೊಂಡರು. ಬೆಳಿಗ್ಗೆ ನಮ್ಮ ಬಡಾವಣೆಗೆ ಸೊಪ್ಪು ತರುವ ಗೂಡ್ಸ್ ಆಟೊದವರ ಜೊತೆ ಮಾತಾಡಿ, ಸೊಪ್ಪಿನ ಬುಟ್ಟಿಗಳ ನಡುವೆ ಸಸಿಗಳನ್ನು ಇಟ್ಟು ಕಳುಹಿಸಿದರು. ಹಿಂದಿನ ಸಂಜೆ ವಾಟ್ಸ್ಆಪ್‌ನಲ್ಲಿ ಪ್ರತಿ ಗಿಡದ ಎರಡು ಫೋಟೋ ಬರುತ್ತಿದ್ದವು. ಒಂದು ಇಡೀ ಗಿಡದ್ದು, ಇನ್ನೊಂದು ಎಲೆ ಮಗುಚಿ ತೆಗೆದದ್ದು. ಈ ಎರಡನೆಯ ಫೋಟೋ ನಾನು ಕೇಳಿದ್ದಲ್ಲ, ಅವರೇ ಕಳುಹಿಸಿದ್ದು. ಅಲ್ಲಿಗೇ ನನಗೆ ನಂಬಿಕೆ ಬಂತು. ಗಿಡದ ರೋಗ, ಹೇನು, ನುಸಿ ಹೆಚ್ಚಾಗಿ ಎಲೆಯ ಅಡಿಯಲ್ಲೇ ಇರುವುದು. ಮೆಣಸಿನ ಸಸಿ ಕೇಳಿದಾಗ ಅವರು ಹೇಳಿದ್ದು ಹೀಗೆ: “ಇವತ್ತು ಬೇಡ ಅಮ್ಮ. ಎಲೆ ಮುದುಡಿದೆ, ನುಸಿ ಬಿದ್ದಿದೆ. ಇದನ್ನು ಕೊಟ್ಟರೆ ನಿಮ್ಮ ಬೇರೆ ಗಿಡಗಳಿಗೂ ಹತ್ತುತ್ತದೆ. ಹೊಸ ಟ್ರೇ ಎದ್ದ ಮೇಲೆ ನಾನೇ ಹೇಳುತ್ತೇನೆ.” ಹೇಳಿದ ಹಾಗೆ ಹೊಸ ಟ್ರೇಯಿಂದಲೇ ಕಳುಹಿಸಿದರು. ಕಷಾಯಕ್ಕೆಂದು ಊರೆಲ್ಲ ಅಮೃತಬಳ್ಳಿ ಹುಡುಕುತ್ತಿದ್ದ ಸಮಯ ಅದು. ನಾನೂ ಕೇಳಿದೆ. “ಅದಕ್ಕೇಕೆ ದುಡ್ಡು ಕೊಡುತ್ತೀರಿ? ಯಾರ ಬೇಲಿಯಲ್ಲಾದರೂ ಇದ್ದರೆ ಗೇಣುದ್ದ ಕಡ್ಡಿ ತಂದು ಚುಚ್ಚಿ, ಬರುತ್ತದೆ” ಎಂದರು. ವ್ಯಾಪಾರ ನಿಂತಿದ್ದ ಕಾಲದಲ್ಲಿ ಹೀಗೆ ಹೇಳುವ ಅಂಗಡಿಯವರಿಗೆ ಏನು ಕೊಟ್ಟರೂ ಕಡಿಮೆಯೇ. ನನಗೂ ಅಂಗಡಿ ಇದೆ, ಆ ಮಾತಿನ ಬೆಲೆ ಗೊತ್ತು.

ಕರಿಬೇವಿನ ಗಿಡದ ಬಗ್ಗೆ ಒಂದು ಮಾತು. ಕಪ್ಪು ಕವರ್ ಬಿಡಿಸಿದಾಗ ಬಿಳಿ ಬೇರುಗಳು ಮಣ್ಣನ್ನು ಹಿಡಿದುಕೊಂಡಿದ್ದವು, ಹೆಂಟೆ ಒಡೆಯಲಿಲ್ಲ. ಬೀಜದಿಂದ ಎಬ್ಬಿಸಿದ ಸಸಿ ಹೀಗಿರುತ್ತದೆ. ದೊಡ್ಡ ಮರದ ಬೇರಿನಿಂದ ಎದ್ದ ಮರಿಯನ್ನು ಕಿತ್ತು ಅವಸರದಲ್ಲಿ ಕವರಿಗೆ ತುಂಬಿದ್ದರೆ ಒಂದು ದಪ್ಪ ಬೇರಿನ ತುಂಡು ಮಾತ್ರ ಇರುತ್ತದೆ, ಮಣ್ಣು ಉದುರಿಹೋಗುತ್ತದೆ, ಗಿಡ ಬಹಳ ದಿನ ಬಾಳುವುದಿಲ್ಲ. ಕೊಳ್ಳುವಾಗ ಕವರನ್ನು ಮೆಲ್ಲಗೆ ಒತ್ತಿ ನೋಡಿದರೆ ತಿಳಿಯುತ್ತದೆ.

ನರ್ಸರಿಯ ಕೊರತೆ ಎಂದರೆ ತಳಿಯ ಹೆಸರು. ಬದನೆ ಎಂದರೆ ಬದನೆ, ಮಲ್ಲಿಗೆ ಎಂದರೆ ಮಲ್ಲಿಗೆ. ಮೈಸೂರು ಮಲ್ಲಿಗೆ ಕೇಳಿದ್ದಕ್ಕೆ ಬಂದದ್ದು ಬೇರೆ ಯಾವುದೋ ದುಂಡುಮೊಗ್ಗು. ಕೇಳಿದರೆ, ತಾವು ತಂದ ಕಡೆ ಹಾಗೇ ಹೇಳಿದ್ದರು ಎಂದರು. ಒಂದು ಕಡ್ಡಿಗೆ ಹೆಸರು ಬರೆದು ಚುಚ್ಚುವುದು ಕಷ್ಟವಲ್ಲ. ಇನ್ನೊಂದು, ಅವರ ಮಣ್ಣು ಬರೀ ಕೆಮ್ಮಣ್ಣು, ತಾರಸಿಗೆ ಭಾರ. ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಬೆರೆಸಿ ಕುಂಡ ಬದಲಿಸಲೇಬೇಕು.

ಕೊನೆಗೆ ಆ ಪೆಟ್ಟಿಗೆ. ನಾದಿನಿ ಪ್ರೀತಿಯಿಂದ ತರಿಸಿಕೊಟ್ಟದ್ದು, ಆದ್ದರಿಂದಲೇ ಇನ್ನೂ ಸಿಟ್ಟು. ಹೊರಗೆ ಹೊಳೆಯುವ ಚಿತ್ರಗಳು, ನೀಲಿ ಬಣ್ಣದ ಟೊಮೆಟೊ ಕೂಡ. ಒಳಗೆ ಉಗುರಿನಷ್ಟು ಪ್ಲಾಸ್ಟಿಕ್ ಪೊಟ್ಟಣಗಳು. ಲಾಟ್ ಸಂಖ್ಯೆ ಇಲ್ಲ, ಪರೀಕ್ಷೆಯ ದಿನ ಇಲ್ಲ, ತಳಿ ಇಲ್ಲ, ಬೆಳೆದವರ ವಿಳಾಸ ಇಲ್ಲ. ಸೋರೆ ಎಂದು ಬರೆದ ಪೊಟ್ಟಣದಲ್ಲಿ ಕಪ್ಪು ಹೀರೆ ಬೀಜ ಇತ್ತು. ಹಳ್ಳಿಯಲ್ಲಿ ಬೆಳೆದ ಯಾರೂ ಇವೆರಡನ್ನು ಅದಲುಬದಲು ಮಾಡುವುದಿಲ್ಲ, ಸೋರೆ ಬೀಜ ಕಂದು ಬಣ್ಣದ್ದು, ಚಪ್ಪಟೆ, ಮೂಲೆ ಇರುವಂಥದ್ದು. ಮೆಣಸಿನ ಬೀಜ ಕಂದಿ ಸುರುಟಿತ್ತು. ಒದ್ದೆ ಬಟ್ಟೆಯಲ್ಲಿ ಹತ್ತು ಬೀಜ ಸುತ್ತಿಟ್ಟೆ, ಒಂದೂ ಮೊಳೆಯಲಿಲ್ಲ. ದೂರು ಬರೆದರೆ ‘ಹವಾಮಾನ ಕಾರಣವಿರಬಹುದು’ ಎಂಬ ಉತ್ತರ. ಎಲ್ಲಿಂದ ಬಂತೆಂದು ತಿಳಿಯದ ಬೀಜ ಬರೀ ದುಡ್ಡಿನ ನಷ್ಟವಲ್ಲ, ಅದರ ಜೊತೆ ರೋಗ, ಕಳೆಗಳೂ ಬರಬಹುದು. 2020ರ ಆಗಸ್ಟ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯವೇ, ಗೊತ್ತಿಲ್ಲದ ಕಡೆಯಿಂದ ಬರುವ ಬೀಜದ ಪಾರ್ಸೆಲ್‌ಗಳ ಬಗ್ಗೆ ಎಚ್ಚರಿಸಿತ್ತು. ಭಯದಲ್ಲಿರುವ ಜನರಿಗೆ ಸತ್ತ ಬೀಜ ಮಾರುವುದನ್ನು ನಾನು ಕ್ಷಮಿಸುವುದಿಲ್ಲ. ಇಂಥ ಪೊಟ್ಟಣ ಸಿಕ್ಕಿದವರು ಚೀಟಿಯ ಫೋಟೋ ತೆಗೆದಿಟ್ಟುಕೊಂಡು ನಿಮ್ಮ ತಾಲ್ಲೂಕಿನ ಕೃಷಿ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಗೆ ತಿಳಿಸಿ. ಬೀಜ ಪರಿವೀಕ್ಷಕರು ಎಂಬ ಹುದ್ದೆ ಇರುವುದೇ ಇದಕ್ಕೆ. ಬಿತ್ತುವ ಮೊದಲು ಒಂದಷ್ಟು ಬೀಜ ಮೂಲ ಪೊಟ್ಟಣದಲ್ಲೇ ಉಳಿಸಿಕೊಂಡಿರಿ, ಪರೀಕ್ಷೆಗೆ ಅದೇ ಬೇಕಾಗುತ್ತದೆ.