ಕಾಸರಗೋಡಿನ ಹೆಡ್ ಪೋಸ್ಟ್ ಆಫೀಸಿನಲ್ಲಿ ನನ್ನ ಪಾಸ್‌ಪೋರ್ಟ್ ಹೊಸತಾಯಿತು

ಮಗಳ ಹೆರಿಗೆ ಶಾರ್ಜಾದಲ್ಲಿ. ಬಾಣಂತನಕ್ಕೆ ನಾನು ಹೋಗಬೇಕು. ಏಳನೇ ತಿಂಗಳಲ್ಲಿ ಫೋನ್ ಮಾಡಿ, "ಅಮ್ಮಾ, ವೀಸಾಕ್ಕೆ ಕೊಡ್ಬೇಕು, ನಿನ್ನ ಪಾಸ್‌ಪೋರ್ಟಿನ ಫೋಟೋ ಕಳಿಸು" ಎಂದಳು. ಕಪಾಟಿನಿಂದ ತೆಗೆದು ಕಳಿಸಿದೆ. ಹತ್ತು ನಿಮಿಷದಲ್ಲಿ ತಿರುಗಿ ಫೋನ್ ಬಂತು. "ಇದು ಮುಗೀಲಿಕ್ಕೆ ಇನ್ನು ನಾಲ್ಕೇ ತಿಂಗಳು ಉಂಟಮ್ಮಾ. ಇಲ್ಲಿಗೆ ಬರ್ಬೇಕಾದ್ರೆ ಆರು ತಿಂಗಳಾದ್ರೂ ಬಾಕಿ ಇರ್ಬೇಕು."

ನನಗೆ ಇದು ಗೊತ್ತೇ ಇರಲಿಲ್ಲ. ಹತ್ತು ವರ್ಷದ ಪಾಸ್‌ಪೋರ್ಟ್ ಎಂದರೆ ಹತ್ತು ವರ್ಷವೂ ಓಡಾಡಬಹುದು ಎಂದುಕೊಂಡಿದ್ದೆ. ಯುಎಇಗೆ ಹಾಗೆ ಆಗುವುದಿಲ್ಲ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಹೊಸತು ಮಾಡಿಸಬಹುದಂತೆ. ಅದೂ ಆಮೇಲೆ ತಿಳಿದದ್ದು.

ಮೊದಲ ಸಲ 2016ರಲ್ಲಿ ಪಾಸ್‌ಪೋರ್ಟ್ ಮಾಡಿಸಲು ನಾವಿಬ್ಬರೂ ರೈಲು ಹತ್ತಿ ಪಯ್ಯನ್ನೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿದ್ದೆವು. ಬೆಳಗ್ಗೆ ಹೊರಟವರು ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಈಗ ಅಷ್ಟು ದೂರ ಹೋಗಬೇಕಾಗಿಲ್ಲ. 2017ರಿಂದ ಅಂಚೆ ಕಚೇರಿಗಳಲ್ಲೇ ಪಾಸ್‌ಪೋರ್ಟ್ ಕೇಂದ್ರಗಳು ಶುರುವಾದವು. ದೇಶದಲ್ಲಿ ಮೊದಲನೆಯದು ನಮ್ಮ ಮೈಸೂರಿನಲ್ಲಿ ಆದದ್ದು. ಕಾಸರಗೋಡಿನ ಹೆಡ್ ಪೋಸ್ಟ್ ಆಫೀಸಿನಲ್ಲೂ ಒಂದು ಉಂಟು. ಬದಿಯಡ್ಕದ ನಮಗೆ ಚೆರ್ಕಳ ದಾರಿಯಾಗಿ ಬಸ್ಸು ಹತ್ತಿದರೆ ಆಯ್ತು.

ತಪ್ಪು ನಡೆದದ್ದು ಅಲ್ಲಿಗೆ ಹೋಗುವ ಮೊದಲೇ. ಅರ್ಜಿ ಆನ್‌ಲೈನ್‌ನಲ್ಲಿ ತುಂಬಬೇಕು ಅಲ್ವಾ? ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಸರಕಾರದ ಫೀಸು 1500 ರೂಪಾಯಿ. ಅಂಗಡಿಯವರು ಕೇಳಿದ್ದು 2500. ಹುಡುಗ ಬೇಗ ಬೇಗ ಒತ್ತಿ, ನನಗೆ ಓದಲು ಬಿಡದೆ, "ಆಯ್ತು, ಮೆಸೇಜ್ ಬರ್ತದೆ" ಎಂದ. ಆ ಮೆಸೇಜ್ ತೋರಿಸಿದರೆ ಸಾಕು, ಪ್ರಿಂಟ್ ಬೇಕೆಂದಿಲ್ಲ. ಆದರೂ ಒಂದು ಪ್ರಿಂಟ್ ಕೇಳಿ ತಂದೆ. ಆ ದೇವರೇ ಕೇಳುವ ಬುದ್ಧಿ ಕೊಟ್ಟದ್ದು.

ರಾತ್ರಿ ಕನ್ನಡಕ ಹಾಕಿ ಕೂತು ಓದಿದೆ. ಹುಟ್ಟಿದ ಊರು ಕಾಸರಗೋಡು, ರಾಜ್ಯ ಕೇರಳ! ನಾನು ಹುಟ್ಟಿದ್ದು ಪುತ್ತೂರಿನಲ್ಲಿ. ಹಳೆ ಪಾಸ್‌ಪೋರ್ಟಿನಲ್ಲೂ ಪುತ್ತೂರು, ಕರ್ನಾಟಕ ಎಂದೇ ಉಂಟು. ಮದುವೆಯಾಗಿ ಗಡಿ ದಾಟಿ ಬಂದವಳು ನಾನು. ಮನೆ ವಿಳಾಸ ನೋಡಿ ಹುಟ್ಟಿದ ಊರೂ ಅದೇ ಎಂದು ಆ ಹುಡುಗ ಬರೆದುಬಿಟ್ಟಿದ್ದ. ನಮ್ಮ ಕಡೆ ಅರ್ಧಕ್ಕರ್ಧ ಮನೆಗಳಲ್ಲಿ ಸೊಸೆಯಂದಿರು ಪುತ್ತೂರು, ಸುಳ್ಯ, ವಿಟ್ಲದವರು. ಹಾಗಾಗಿ ಹೇಳುತ್ತಿದ್ದೇನೆ, ಅರ್ಜಿಯಲ್ಲಿ ಈ ಒಂದು ಸಾಲನ್ನು ನೀವೇ ಓದಿ ನೋಡಿ. ಮರುದಿನ ಅಂಗಡಿಗೆ ಹೋಗಿ ಕೇಳಿದರೆ, "ದುಡ್ಡು ಕಟ್ಟಿ ಆಗಿದೆ, ಇನ್ನು ನಮ್ಮ ಕೈಲಿಲ್ಲ" ಎಂದರು. ಎರಡು ದಿನ ಊಟ ಸೇರಲಿಲ್ಲ.

ಅಪಾಯಿಂಟ್‌ಮೆಂಟ್ ಒಂಬತ್ತು ದಿನಕ್ಕೆ ಸಿಕ್ಕಿತ್ತು. ಹಳೆ ಪಾಸ್‌ಪೋರ್ಟ್, ಅದರ ಮೊದಲಿನ ಎರಡು ಮತ್ತು ಕೊನೆಯ ಎರಡು ಪುಟಗಳ ಜೆರಾಕ್ಸ್, ಆಧಾರ್ ಹಿಡಿದು ಹೋದೆ. ಹೆದರಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೂ ಚೀಲಕ್ಕೆ ಹಾಕಿದ್ದೆ.

ಒಳಗೆ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ. ಮಲಯಾಳದಲ್ಲಿ ಶುರು ಮಾಡಿದಳು. ನನಗೆ ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಗಾಬರಿಯಾದಾಗ ಬಾಯಿಗೆ ಬರುವುದಿಲ್ಲ. ಕನ್ನಡದಲ್ಲೇ ಹುಟ್ಟಿದ ಊರಿನ ವಿಷಯ ಹೇಳತೊಡಗಿದೆ. ಸ್ವರ ನಡುಗುತ್ತಿತ್ತು. ಅವಳು ನನ್ನ ಮುಖ ನೋಡಿ, "ಪೋಡಿಯೊಡ್ಚಿ ಅಕ್ಕಾ" ಎಂದು ತುಳುವಿನಲ್ಲೇ ಹೇಳಿದಳು. ಹೆದರಬೇಡಿ ಎಂದು. ಆ ಒಂದು ಮಾತಿಗೆ ನನ್ನ ಅರ್ಧ ಭಾರ ಇಳಿಯಿತು. ಹಳೆ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ತಪ್ಪಿದ ಸಾಲು ಸರಿ ಮಾಡಿದಳು. ಸ್ಕ್ರೀನ್ ನನ್ನ ಕಡೆ ತಿರುಗಿಸಿ ಹೆಸರು, ಗಂಡನ ಹೆಸರು, ವಿಳಾಸ, ಹುಟ್ಟಿದ ಊರು ಎಲ್ಲವನ್ನೂ ನಾನು ಓದಿ ತಲೆಯಾಡಿಸುವವರೆಗೆ ಮುಂದೆ ಹೋಗಲಿಲ್ಲ. ಪುತ್ತೂರು, ಕರ್ನಾಟಕ. ಕಣ್ಣಾರೆ ನೋಡಿದೆ.

ಇನ್ನೊಂದು ತೊಂದರೆ ಬೆರಳಚ್ಚಿನದ್ದು. ನಮ್ಮಲ್ಲಿ ಆಗ ಚಾಲಿ ಅಡಿಕೆ ಸುಲಿಯುವ ಕೆಲಸ. ತಿಂಗಳಿಂದ ಕತ್ತಿಯ ಮುಂದೆ ಕೂತು ನನ್ನ ಹೆಬ್ಬೆರಳು, ತೋರುಬೆರಳು ಸವೆದು ನುಣ್ಣಗಾಗಿದ್ದವು. ಮೆಷಿನ್ ಹಿಡಿಯುವುದೇ ಇಲ್ಲ. ಒಂದು ಸಲ, ಎರಡು ಸಲ. ಹಿಂದೆ ಜನ ಕಾಯ್ತಾ ಇದ್ದರು. ಆ ಹುಡುಗಿ ಸ್ವಲ್ಪವೂ ಬೇಸರ ಮಾಡಲಿಲ್ಲ. ಒದ್ದೆ ಬಟ್ಟೆ ಕೊಟ್ಟು ಬೆರಳು ಒರೆಸಿಸಿದಳು, ಗಾಜನ್ನೂ ಒರೆಸಿದಳು. ಆಮೇಲೆ ತಾನೇ ನನ್ನ ಬೆರಳು ಹಿಡಿದು, ತುದಿಯನ್ನು ಬಿಟ್ಟು ನಡುಭಾಗವನ್ನು ಮೆಲ್ಲಗೆ ಒತ್ತಿದಳು. ಸ್ಕ್ರೀನಿನಲ್ಲಿ ಗೆರೆಗಳು ಮೂಡಿದವು. "ಅಡಿಕೆಯಾ? ನನ್ನ ಅಮ್ಮನಿಗೂ ಹೀಗೇ" ಎಂದು ನಕ್ಕಳು. ತೋಟದವರು ಹೋಗುವ ಮೊದಲು ಎರಡು ಮೂರು ದಿನ ಸುಲಿಯುವುದು ಬಿಟ್ಟು ಬೆರಳಿಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಹೊರಡುವ ದಿನ ಮಾತ್ರ ಎಣ್ಣೆ ಬೇಡ.

ಫೋಟೋ ಅಲ್ಲೇ ತೆಗೆಯುತ್ತಾರೆ. ಹಿಂದೆ ಬಿಳಿ ಪರದೆ, ಆದ್ದರಿಂದ ಬಿಳಿ ಸೀರೆ ಬೇಡ. ನಾನು ಕಡು ಹಸಿರಿನದ್ದು ಉಟ್ಟಿದ್ದೆ. ಕನ್ನಡಕ ತೆಗೆಯಲು ಹೇಳುತ್ತಾರೆ.

ನಂತರ ಅಧಿಕಾರಿ ದಾಖಲೆ ನೋಡಿದರು. ಹಳೆ ಪಾಸ್‌ಪೋರ್ಟಿಗೆ ರದ್ದು ಎಂದು ಮುದ್ರೆ ಒತ್ತಿ ನನ್ನ ಕೈಗೇ ಕೊಟ್ಟರು. ಅದನ್ನು ಬಿಸಾಡಬೇಡಿ. ಅದರಲ್ಲಿ ಅವಧಿ ಇರುವ ವೀಸಾ ಇದ್ದರೆ ಎರಡನ್ನೂ ಜೊತೆಗೆ ಒಯ್ಯಬೇಕಾಗುತ್ತದೆ. ಎಲ್ಲ ಸೇರಿ ಒಂದು ಗಂಟೆಯೊಳಗೆ ಹೊರಗೆ ಬಂದೆ. ಫೀಸು ಆನ್‌ಲೈನ್‌ನಲ್ಲೇ ಕಟ್ಟಿದ್ದು ಬಿಟ್ಟರೆ ಅಲ್ಲಿ ಯಾರೂ ಒಂದು ರೂಪಾಯಿ ಕೇಳಲಿಲ್ಲ.

ನಾಲ್ಕು ದಿನದ ಮೇಲೆ ಠಾಣೆಯಿಂದ ಒಬ್ಬ ಪೊಲೀಸರು ಮನೆಗೆ ಬಂದು ಆಧಾರ್ ನೋಡಿ, ಮೊಬೈಲಿನಲ್ಲೇ ಬರೆದುಕೊಂಡು ಹೋದರು. ಮಜ್ಜಿಗೆ ಕೊಟ್ಟೆ, ಕುಡಿದರು. ಪಾಸ್‌ಪೋರ್ಟ್ ಕಚೇರಿ ನಮಗೆ ಕೋಝಿಕ್ಕೋಡಿನದ್ದು, ಅಲ್ಲಿಂದ ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ. ಅಪಾಯಿಂಟ್‌ಮೆಂಟ್ ಆಗಿ ಹದಿನೇಳನೇ ದಿನ ಪೋಸ್ಟ್‌ಮ್ಯಾನ್ ಗೇಟಿನಲ್ಲಿ ಕರೆದರು.

ತುರ್ತು ಇದ್ದವರಿಗೆ ತತ್ಕಾಲ್ ಉಂಟು, 2000 ರೂಪಾಯಿ ಜಾಸ್ತಿ. ನನಗೆ ಅದು ಬೇಕಾಗಲಿಲ್ಲ. ಅರ್ಜಿಯನ್ನು ಮಾತ್ರ ಸರಕಾರದ ಸೈಟಿನಲ್ಲೇ ತುಂಬಿ, ಅದರ ಕೊನೆ ಡಾಟ್ ಗವ್ ಡಾಟ್ ಇನ್ ಎಂದೇ ಇರಬೇಕು. ಅದೇ ಹೆಸರಿನಂತೆ ಕಾಣುವ ಮೋಸದ ಸೈಟುಗಳು ಇವೆ. ಓದಿದ ಮಕ್ಕಳು ಮನೆಯಲ್ಲಿದ್ದರೆ ಅವರ ಕೈಲೇ ತುಂಬಿಸಿ. ನಾನು ಈ ಸಲ ಹಾಗೆ ಮಾಡಬೇಕಿತ್ತು.

ಹೊಸ ಪಾಸ್‌ಪೋರ್ಟ್ ನಂಬರಿನಲ್ಲೇ ಮಗಳು ವೀಸಾ ಮಾಡಿಸಿದಳು. ಮಂಗಳೂರಿನಿಂದ ದುಬೈಗೆ ಟಿಕೆಟ್ ಆಗಿದೆ. ಬಾಣಂತಿ ಲೇಹಕ್ಕೆ ಬೇಕಾದ ಸಾಮಾನು ತರಿಸಿಯಾಯ್ತು. ನಾಳೆ ಬೆಳಗ್ಗೆ ನನ್ನ ನಾದಿನಿಯನ್ನು ಕರೆದುಕೊಂಡು ಮತ್ತೆ ಅದೇ ಪೋಸ್ಟ್ ಆಫೀಸಿಗೆ ಹೋಗ್ತಾ ಇದ್ದೇನೆ. ಅವಳದ್ದು ಮುಗಿಯಲು ಎಂಟು ತಿಂಗಳು ಉಂಟು, ಅವಳು ಹುಟ್ಟಿದ್ದು ವಿಟ್ಲದಲ್ಲಿ.