ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ನೋಡಲು ದೋಣಿ: ಇಳಿತ ನೋಡಿಕೊಂಡು ಹೋಗಿ

ಶಿರಸಿಯ ನಮಗೆ ಅಘನಾಶಿನಿ ಅಂದರೆ ಉಂಚಳ್ಳಿ ಜಲಪಾತ. ಅದೇ ಹೊಳೆ ಕುಮಟಾ ಬಳಿ ಸಮುದ್ರ ಸೇರುವಲ್ಲಿ ಚಳಿಗಾಲದ ಹಕ್ಕಿ ನೋಡೋಣ ಅಂತ ಜನವರಿಯಲ್ಲಿ ದೇವಿಮನೆ ಘಟ್ಟ ಇಳಿದೆವು. 2024ರಲ್ಲಿ ರಾಮ್ಸಾರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಅಳಿವೆ ಇದು, 4,801 ಹೆಕ್ಟೇರ್. ಹಾಗಂತ ಗೇಟು, ಟಿಕೆಟ್ಟಿನ ಪಕ್ಷಿಧಾಮ ಅಂದುಕೊಳ್ಳಬೇಡಿ. ಜನ ಮೀನು ಹಿಡಿಯುವ, ಬಳಚು ಅಂದರೆ ಚಿಪ್ಪುಮೀನು ಹೆಕ್ಕುವ, ಗಜನಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ ಜಾಗ. ಹಕ್ಕಿಗಳೂ ಅವರ ನಡುವೆಯೇ.

ದೋಣಿಯವರು ತದಡಿ ಕಡೆಯ ಮೀನುಗಾರರು. ಬೆಳಗಿನ ಆರಕ್ಕೇ ಬರುತ್ತೇವೆ ಅಂದರೆ ಫೋನಿನಲ್ಲೇ ನಕ್ಕರು. "ಆರಕ್ಕೆ ಬಂದ್ರೆ ನೀರು ಮಾತ್ರ ಕಾಣ್ತದೆ. ಭರತ ಇಳೀಲಿ, ಹತ್ತಕ್ಕೆ ಬನ್ನಿ." ನಾನು ಪೂರ್ತಿ ಅಂಕ ಕೊಡುವುದು ಈ ಮಾತಿಗೇ. ನೀರು ಇಳಿದು ಕೆಸರು ಬಯಲಾದರೆ ಹುಳ, ಏಡಿ ಸಿಗುತ್ತವೆ. ಕಡಲ ಹಕ್ಕಿಗಳ ಊಟದ ಹೊತ್ತು ಅದು, ಸೂರ್ಯ ಎಲ್ಲಿದ್ದರೂ ಸರಿ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಹೋಗುವ ಮುನ್ನ ಕೇಳಿಕೊಳ್ಳಿ.

ಕೆಸರು ದಿಬ್ಬದ ಹತ್ತಿರ ಎಂಜಿನ್ ನಿಲ್ಲಿಸಿ ಹುಟ್ಟು ಹಾಕಿದರು. ಒಂದು ಕರ್ಲ್ಯೂ ತನ್ನ ಬಾಗಿದ ಉದ್ದ ಕೊಕ್ಕನ್ನು ಬಿಲದೊಳಗೆ ಬುಡದ ತನಕ ತೂರಿಸಿತು, ಓರೆ ಮಾಡಿ ತಿರುಗಿಸಿತು, ಏಡಿ ಹೊರಗೆ ಬಂತು. ಕೊಡವಿ ಕೊಡವಿ ಕಾಲು ಉದುರಿಸಿ ಆಮೇಲೆ ನುಂಗಿತು. ಲಡಾಖ್, ಟಿಬೆಟ್ ಕಡೆ ಮರಿ ಮಾಡುವ ಕಂದುತಲೆ ಗಲ್ ಎಂಬ ಕಡಲಹಕ್ಕಿಗಳ ಹಿಂಡೂ ಇತ್ತು. ಹೆಸರು ಕಂದುತಲೆ ಆದರೂ ಚಳಿಗಾಲದಲ್ಲಿ ಅವುಗಳ ತಲೆ ಬೆಳ್ಳಗೆ, ಕಣ್ಣ ಹಿಂದೆ ಮಾತ್ರ ಶಾಯಿ ತಾಗಿದ ಹಾಗೆ ಒಂದು ಕಪ್ಪು ಬೊಟ್ಟು. ಗಿಡುಗ ಜಾತಿಯ ಆಸ್ಪ್ರೇ ದೂರದ ಬಲೆಗೂಟದ ಮೇಲೆ ಕೂತಿತ್ತು, ಏಳಲೇ ಇಲ್ಲ ಪುಣ್ಯಾತ್ಮ.

ಅಷ್ಟರಲ್ಲಿ ಸ್ಪೀಕರ್ ಹಚ್ಚಿಕೊಂಡು ಇನ್ನೊಂದು ದೋಣಿ ಬಂತು, ಹಿಂಡೆಲ್ಲ ಹಾರಿಹೋಯಿತು. ಶನಿವಾರ, ಭಾನುವಾರ ಬೇಡವೇ ಬೇಡ.

ಇಬ್ಬರಿಗೆ ಸೇರಿ 1,200 ರೂಪಾಯಿ, ಎರಡು ತಾಸಿಗೆ ದುಬಾರಿಯಲ್ಲ. ಲೈಫ್ ಜಾಕೆಟ್ ಕೊಟ್ಟರು, ಆದರೆ ಒದ್ದೆ, ಮೀನಿನ ವಾಸನೆ ಬೇರೆ. ನೆರಳಿಲ್ಲ. ಬೈನಾಕ್ಯುಲರ್ ನೀವೇ ಒಯ್ಯಬೇಕು. ಬರಿಗಣ್ಣಿಗೆ ಪ್ಲೋವರ್, ಸ್ಯಾಂಡ್‌ಪೈಪರ್ ಎಲ್ಲವೂ ಓಡಾಡುವ ಚುಕ್ಕಿಗಳೇ. ಮೊಬೈಲಲ್ಲಿ ಫೋಟೊ ಆಸೆ ಬಿಡಿ.

ಮನೆಯ ಹಿರಿಯರು ಜೊತೆಗಿದ್ದರೆ ಹೊನ್ನಾವರದ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ನಡಿಗೆ ಹಾದಿಯೇ ಅನುಕೂಲ. ಅಲ್ಲಿ ಕೆಸರುಬಯಲಿನ ಹಿಂಡು ಸಿಗಲಿಕ್ಕಿಲ್ಲ, ಮಿಂಚುಳ್ಳಿಗೆ ಕಾದು ನೋಡಬಹುದು. ದೋಣಿ ಹತ್ತಿಳಿಯುವ ಕಷ್ಟವಂತೂ ಇಲ್ಲ.