ಎಂ82 ಅಥವಾ ಎನ್‌ಜಿಸಿ 253: ಅನಿಲದ ಹೊರಹರಿವು ನೋಡಲು ಯಾವುದು?

ದೂರದಲ್ಲಿ ಈ ಎರಡೂ ಗ್ಯಾಲಕ್ಸಿಗಳು ಹೆಚ್ಚುಕಡಿಮೆ ಸಮ, 1.1ರಿಂದ 1.2 ಕೋಟಿ ಜ್ಯೋತಿರ್ವರ್ಷ. ಎರಡರ ನಡುಭಾಗದಲ್ಲೂ ನಕ್ಷತ್ರಗಳು ಭರದಿಂದ ಹುಟ್ಟುತ್ತಿವೆ, ಸೂಪರ್‌ನೋವಾಗಳು (ಸಿಡಿದು ಸಾಯುವ ದೊಡ್ಡ ನಕ್ಷತ್ರಗಳು) ಅನಿಲವನ್ನು ಹೊರದಬ್ಬುತ್ತಿವೆ.

ಕ್ಯಾಮೆರಾ ಹಿಡಿದವರಿಗೆ ಎಂ82ವೇ ಸರಿ. ಗ್ಯಾಲಕ್ಸಿಯ ತಟ್ಟೆ ಅಂಚಿನಿಂದ ಕಾಣುವುದರಿಂದ ಹೊರಬಿದ್ದ ಅನಿಲದ ಕೆಂಪು ಎಳೆಗಳು ಎರಡೂ ಬದಿಗೆ ಚಾಚಿದ್ದು ಗೊತ್ತಾಗುತ್ತದೆ. ಬೇಕಿರುವುದು ಹೈಡ್ರೋಜನ್ ಆಲ್ಫಾ ಫಿಲ್ಟರ್, ಅಂದರೆ ಹೈಡ್ರೋಜನ್ ಸೂಸುವ 656.3 ನ್ಯಾನೋಮೀಟರಿನ ಕೆಂಪು ಬೆಳಕನ್ನು ಬಿಡುವಂಥದ್ದು. 7 ನ್ಯಾನೋಮೀಟರ್ ಅಗಲದ ಫಿಲ್ಟರ್ ಪಕ್ಕದ ನೈಟ್ರೋಜನ್ ಬೆಳಕಿನ ರೇಖೆಯನ್ನೂ (658.4) ಒಳಬಿಡುತ್ತದೆ; ಚಿತ್ರಕ್ಕೆ ತೊಂದರೆಯಿಲ್ಲ, ಹೊಳಪು ಅಳೆಯಹೊರಟರೆ ಲೆಕ್ಕ ಉಬ್ಬುತ್ತದೆ. ಸಾಮಾನ್ಯ ಕೆಂಪು ಫಿಲ್ಟರಿನ ಚಿತ್ರವನ್ನು ಹೊಳಪು ಹೊಂದಿಸಿ ಇದರಿಂದ ಕಳೆಯದಿದ್ದರೆ ಎಳೆಗಳ ಬುಡ ನಕ್ಷತ್ರಗಳ ಬೆಳಕಿನಲ್ಲೇ ಮುಳುಗಿಹೋಗುತ್ತದೆ. ಬೆಂಗಳೂರಿನಿಂದ ಎಂ82 ಸುಮಾರು 33 ಡಿಗ್ರಿಗಿಂತ ಮೇಲೇರದು, ಹಾಗಾಗಿ ಉತ್ತರದಲ್ಲಿ ಅಪಾರ್ಟ್‌ಮೆಂಟ್ ಅಡ್ಡ ಬಂದರೆ ಆಸೆ ಬಿಡಿ.

ತಣ್ಣನೆಯ ಅನಿಲವನ್ನು ತೂಗುವವರಿಗೆ ಎನ್‌ಜಿಸಿ 253. ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕಕ್ಕೆ ಇದು ನೆತ್ತಿಯ ಹತ್ತಿರವೇ ಬರುತ್ತದೆ; ಎಂ82 ಅಲ್ಲಿ ದಿಗಂತ ದಾಟುವುದೇ ಇಲ್ಲ. ತಣ್ಣನೆಯ ಅನಿಲದ ಸುಳಿವು ಕೊಡುವುದು ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್; 2013ರಲ್ಲಿ ಪ್ರಕಟವಾದ ಅದರ ಅಳತೆಯಂತೆ ವರ್ಷಕ್ಕೆ ಕನಿಷ್ಠ 3, ಪ್ರಾಯಶಃ 9 ಸೂರ್ಯರಷ್ಟು ಅನಿಲ ಹೊರಬೀಳುತ್ತಿದೆ. ತೊಡಕೊಂದೇ: ವಾಯವ್ಯದ ಹರಿವು ತಟ್ಟೆಯ ಧೂಳಿನ ಹಿಂದಿದೆ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕೈಗೆ ಸಿಗುವುದು ಮುಖ್ಯವಾಗಿ ಆಗ್ನೇಯದ್ದು.